ಹತ್ತರಿಂದ ಐದರ ಆದೇಶ, ರಾತ್ರಿಯ ಪುತ್ತರಿ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವುದು ರಾತ್ರಿ. ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ‘ನೆರೆ’ ಎಂಬ ಎಲೆಗಳ ಕಟ್ಟು ಕಟ್ಟಿ, ಮನೆಮಂದಿಯೆಲ್ಲ ಗದ್ದೆಗಿಳಿದು, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಹೊಸ ತೆನೆ ಮನೆಗೆ ತರುವ ಹೊತ್ತಿಗೆ ಬೆಳದಿಂಗಳು ಹರಡಿರುತ್ತದೆ. ಯಾವ ದಿನ, ಯಾವ ಗಳಿಗೆ ಎಂಬುದನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಗದಿ ಮಾಡುತ್ತಾರೆ. ಹಬ್ಬಕ್ಕೆ ಕೆಲವು ವಾರ ಇರುವಾಗಷ್ಟೇ ಅದು ಊರಿಗೆಲ್ಲ ಗೊತ್ತಾಗುವುದು.

ಈಗ ಬೇರೆಯಾದ ದಂಪತಿಯ ಮಗುವಿನ ಬಗ್ಗೆ ಕೋರ್ಟಿನ ಆದೇಶವೊಂದನ್ನು ಊಹಿಸಿಕೊಳ್ಳಿ. ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಹಾಗೂ ಹಬ್ಬದ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ತಂದೆ ಮಗುವನ್ನು ಕರೆದೊಯ್ಯಬಹುದು.’ ಓದಲು ನ್ಯಾಯವಾಗಿಯೇ ಇದೆ. ಆದರೆ ಯಾವ ಹಬ್ಬ? ಕೈಲ್‌ಪೊಳ್ದು ಸೇರಿತೇ? ಕಾವೇರಿ ಸಂಕ್ರಮಣ? ಪುತ್ತರಿಯ ದಿನ ಐದು ಗಂಟೆಗೆ ಮಗುವನ್ನು ವಾಪಸ್ ಬಿಟ್ಟರೆ ಆ ಮಗು ಕಂಡದ್ದು ಏನನ್ನು? ಹಬ್ಬ ಶುರುವಾಗುವ ಮೊದಲೇ ಆದೇಶದ ಹೊತ್ತು ಮುಗಿದಿರುತ್ತದೆ.

ಮಾತಾಡಿಕೊಳ್ಳಬಲ್ಲ ತಂದೆತಾಯಿಗೆ ಇದು ಸಮಸ್ಯೆಯೇ ಅಲ್ಲ. ‘ಇವತ್ತು ಕದಿರು ಮುಗಿಸಿ ಅಲ್ಲೇ ಮಲಗಲಿ, ನಾಳೆ ತಿಂಡಿ ಆದ ಮೇಲೆ ಕರ್ಕೊಂಡು ಬರ್ತೇನೆ’ ಎಂದು ಒಂದು ಫೋನ್ ಮಾಡಿದರೆ ಮುಗಿಯಿತು. ಮಾತೇ ನಿಂತುಹೋದವರಲ್ಲಿ ಅದೇ ಒಂದು ಸಾಲು ಹೊಸ ಅರ್ಜಿಯಾಗುತ್ತದೆ, ಹೊಸ ವಾಯಿದೆಯಾಗುತ್ತದೆ, ಠಾಣೆಗೆ ಹೋಗುವ ದೂರಾಗುತ್ತದೆ. ತೋಟದ ಗೇಟಿನ ಬಳಿ ಎರಡು ಜೀಪುಗಳ ನಡುವೆ ಬ್ಯಾಗು ಹಿಡಿದು ನಿಂತ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ.

ನಾನು ಬರೆಯುತ್ತಿರುವುದು ಈ ಎರಡನೇ ಬಗೆಯವರ ಬಗ್ಗೆ. ಬೇರೆಯಾಗುವ ಬಹುತೇಕ ದಂಪತಿಗಳು ಒಂದೆರಡು ವರ್ಷ ಕಹಿ ಉಂಡು, ಆಮೇಲೆ ಮಕ್ಕಳ ವಿಷಯದಲ್ಲಿ ಹೇಗೋ ಹೊಂದಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಜಗಳ ಆರುವುದಿಲ್ಲ. ವಿಚ್ಛೇದನದ ಡಿಕ್ರಿ ಬಂದು ವರ್ಷಗಳಾದರೂ ಸ್ವೆಟರ್ ಕಳೆದದ್ದು, ಹತ್ತು ನಿಮಿಷ ತಡವಾದದ್ದು, ಶಾಲೆಯ ಫಾರಂನಲ್ಲಿ ಯಾರ ಹೆಸರು ಮೊದಲು ಎಂಬುದು, ಎಲ್ಲವೂ ಕೇಸೇ. ಇಂಥವರಿಗೆ ‘ಮಗುವಿನ ಮುಖ ನೋಡಿ ಒಂದಾಗಿ’ ಎಂಬ ಬುದ್ಧಿಮಾತನ್ನು ನ್ಯಾಯಾಧೀಶರೂ ಹೇಳುತ್ತಾರೆ, ಊರ ಹಿರಿಯರೂ ಹೇಳುತ್ತಾರೆ. ಆ ಮಾತಿನಿಂದ ಕೆಲಸ ಆಗುವುದಿಲ್ಲ ಎಂದೇ ನನ್ನ ನಂಬಿಕೆ. ಅವರನ್ನು ಸ್ನೇಹಿತರನ್ನಾಗಿಸುವ ಪ್ರಯತ್ನ ಬಿಟ್ಟು, ಅವರು ಪರಸ್ಪರ ಮಾತಾಡುವ ಅಗತ್ಯವೇ ಬೀಳದಷ್ಟು ಬಿಡಿಸಿ ಆದೇಶ ಬರೆಯಬೇಕು. ಜಗಳ ಬದುಕುವುದು ಆದೇಶದ ಸಂದುಗಳಲ್ಲಿ.

ಕ್ಷೇಮ ಎಂಬ ದೊಡ್ಡ ಪದ

ಕಾನೂನು ಮೇಲ್ನೋಟಕ್ಕೆ ಸರಳವಾಗಿದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯೇ ಇಂದಿಗೂ ಬುನಾದಿ. ವಕೀಲರ ಬಾಯಲ್ಲಿ ಈ ಕೇಸುಗಳಿಗೆ ‘ಜಿ ಅಂಡ್ ಡಬ್ಲ್ಯೂ’ ಎಂದೇ ಹೆಸರು. ಹಿಂದೂಗಳಿಗೆ ಇದರ ಜೊತೆಗೆ 1956ರ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಇದೆ. ಅದರ 6ನೇ ಕಲಂ ತಂದೆಯನ್ನು ಸಹಜ ಪೋಷಕ ಎನ್ನುತ್ತದೆ, ‘ಅವನ ನಂತರ’ ತಾಯಿ ಎನ್ನುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎಂದೂ ಅದೇ ಕಲಂ ಹೇಳುತ್ತದೆ. ಆ ‘ನಂತರ’ಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಿಲ್ಲ, ತಂದೆ ಇದ್ದೂ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪೋಷಕಿ ಎಂದು 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಮುಸ್ಲಿಮರಲ್ಲಿ ತಾಯಿಗೆ ಮಗುವನ್ನು ಬಳಿ ಇಟ್ಟುಕೊಂಡು ಸಾಕುವ ಹಿಜಾನತ್ ಹಕ್ಕಿದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇದೆ. ದಾರಿ ಯಾವುದಾದರೂ ಕೊನೆಗೆ ಕೋರ್ಟು ಬಂದು ನಿಲ್ಲುವುದು ಒಂದೇ ಅಳತೆಗೆ: ಮಗುವಿನ ಕ್ಷೇಮ. ಮಕ್ಕಳು ತಂದೆತಾಯಿಯ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಬರೆದಿದೆ.

‘ಕ್ಷೇಮ’ ತೂಕದ ಪದ. ಆದರೆ ಶನಿವಾರ ಬೆಳಿಗ್ಗೆ ಮಗುವನ್ನು ಯಾರು, ಎಲ್ಲಿ, ಯಾವ ಗಾಡಿಯಿಂದ ಇಳಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ಜಗಳ ಮಾತ್ರ ಅಲ್ಲೇ ಹುಟ್ಟುತ್ತದೆ. ಹಲವು ದಶಕಗಳಿಂದ ಮನಶ್ಶಾಸ್ತ್ರಜ್ಞರು ಹೇಳುತ್ತ ಬಂದಿರುವ ಒಂದು ಮಾತನ್ನು ಇಲ್ಲಿ ನೆನೆಯಬೇಕು. ತಂದೆತಾಯಿ ಬೇರೆಯಾದರು ಎಂಬುದಕ್ಕಿಂತ, ಅವರ ಮುಗಿಯದ ಜಗಳದ ನಡುವೆ ಸಿಕ್ಕಿಕೊಂಡಿರುವುದು ಮಗುವನ್ನು ಹೆಚ್ಚು ಜಖಂ ಮಾಡುತ್ತದೆ. ಹಾಗಿದ್ದ ಮೇಲೆ ಕ್ಷೇಮ ಎಂದರೆ ಮಗು ಯಾರ ಬಳಿ ಎಷ್ಟು ಗಂಟೆ ಎಂಬ ಲೆಕ್ಕವೊಂದೇ ಆಗಲಾರದು. ತಂದೆತಾಯಿ ತಿಂಗಳಿಗೆ ಎಷ್ಟು ಸಲ ಎದುರುಬದುರಾಗುತ್ತಾರೆ ಎಂಬುದೂ ಆ ಲೆಕ್ಕಕ್ಕೆ ಸೇರಬೇಕು.

2013ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಹನ್ನೆರಡು ವರ್ಷದ ಹುಡುಗನೊಬ್ಬನ ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಎಂದು ವರ್ಷವನ್ನೇ ಎರಡು ಮಾಡಿ ಹಂಚಿತು. ಇಬ್ಬರೂ ಬೇಕು ಎಂಬ ತತ್ವ ಅದರಲ್ಲಿದೆ, ಅದನ್ನು ಗೌರವಿಸುತ್ತೇನೆ. ಇಬ್ಬರೂ ಒಂದೇ ಊರಲ್ಲಿದ್ದರೆ ಅದು ನಡೆದೀತು. ಒಬ್ಬರು ಪೊನ್ನಂಪೇಟೆಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ ಇರುವಾಗ ಜೂನ್‌ನಲ್ಲಿ ಶಾಲೆ ಶುರುವಾಗಿ ಜುಲೈಯಲ್ಲಿ ಮಗು ಶಾಲೆ ಬದಲಿಸಬೇಕಾಗುತ್ತದೆ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಯನ್ನು ಕಾನೂನಿನೊಳಗೆ ತರಲು ಶಿಫಾರಸು ಮಾಡಿತು. ಸಂಸತ್ತು ಅದನ್ನು ಕಾಯ್ದೆ ಮಾಡಲಿಲ್ಲ. ಹಾಗಾಗಿ ಎಲ್ಲವೂ ಆಯಾ ನ್ಯಾಯಾಧೀಶರ ಲೇಖನಿಗೆ ಬಿಟ್ಟಿದ್ದು.

ಎರಡು ಒಕ್ಕಗಳ ನಡುವೆ

ಕೊಡಗಿನಲ್ಲಿ ಈ ಜಗಳಕ್ಕೆ ಇನ್ನೊಂದು ಪದರವಿದೆ. ಕೊಡವರಲ್ಲಿ ಮಗು ಹುಟ್ಟುವುದು ಒಕ್ಕದೊಳಗೆ, ಅಂದರೆ ಮನೆತನದೊಳಗೆ. ಹೆಸರಿನ ಮೊದಲು ಮನೆತನದ ಹೆಸರು ಬರುತ್ತದೆ, ಐನ್‌ಮನೆಯ ದೀಪವಿಡುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಅದಕ್ಕೊಂದು ಜಾಗ ಇರುತ್ತದೆ. ಅರೆಭಾಷೆ ಗೌಡರ ಮನೆತನಗಳಲ್ಲೂ ಇಂಥದೇ ಬಾಂಧವ್ಯ. ‘ಮಗು ನಮ್ಮ ಮನೆಯದ್ದು’ ಎಂಬ ಮಾತು ಇಲ್ಲಿ ಭಾವನೆಯೂ ಹೌದು, ವಂಶದ ಲೆಕ್ಕವೂ ಹೌದು. ಹೀಗಾಗಿ ಗಂಡ ಹೆಂಡತಿಯ ಜಗಳ ಎರಡು ಒಕ್ಕಗಳ ಮರ್ಯಾದೆಯ ಪ್ರಶ್ನೆಯಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಚಿಕ್ಕಪ್ಪ ಒಂದು ಅಫಿಡವಿಟ್ ಹಾಕುತ್ತಾರೆ, ಸೋದರಮಾವ ಇನ್ನೊಂದು.

ಆದರೆ ಅದೇ ಪದ್ಧತಿಯ ಒಳಗೆ ನೋಡಿದರೆ ಹಿರಿಯರು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರು ಎಂದು ಆಶ್ಚರ್ಯವಾಗುತ್ತದೆ. ಮದುವೆಯ ಸಂಬಂಧ ಅಡ್ಕುವ ಶಾಸ್ತ್ರದಲ್ಲಿ ಎರಡೂ ಕಡೆಯ ಅರುವರು, ಅಂದರೆ ಒಕ್ಕದ ಪರವಾಗಿ ಮಾತಾಡುವವರು, ಎದುರು ನಿಂತು, ಕಲ್ಲು ಎಣಿಸಿ ಹುಡುಗಿಯ ಹಕ್ಕನ್ನು ಗಂಡನ ಮನೆಗೆ ಒಪ್ಪಿಸುತ್ತಾರೆ. ಒಂದು ಕಲ್ಲು ಮಾತ್ರ ತವರಿನ ಕಡೆಯಲ್ಲೇ ಉಳಿಯುತ್ತದೆ. ನಾಳೆ ಬಾಳು ಮುರಿದರೆ ಅವಳಿಗೆ ತಿರುಗಿ ಬರಲು ಜಾಗ ಇದೆ ಎಂಬ ಮಾತನ್ನು ಮದುವೆಯ ದಿನವೇ, ಸಾಕ್ಷಿಗಳ ಎದುರು ಆಡಿ ಮುಗಿಸಿರುತ್ತಾರೆ. ಒಕ್ಕಪರ್ಜೆ, ಮಕ್ಕಪರ್ಜೆ ಎಂಬ ವಿವಾಹ ಪದ್ಧತಿಗಳಲ್ಲಿ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುವ ಏರ್ಪಾಡೂ ಇತ್ತು. ಅಂದರೆ ‘ಮಗು ಎಂದಿದ್ದರೂ ಅಪ್ಪನ ಮನೆಯದ್ದೇ’ ಎಂಬುದು ನಮ್ಮ ಹಿರಿಯರ ಏಕೈಕ ನಿಯಮವಾಗಿರಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಮಗು ಯಾವ ಒಕ್ಕಕ್ಕೆ ಸೇರಿದ್ದು ಎಂಬ ಪ್ರಶ್ನೆ ಬೇರೆ, ರಾತ್ರಿ ಕೆಮ್ಮು ಬಂದಾಗ ಎದ್ದು ಬಿಸಿನೀರು ಕೊಡುವವರು ಯಾರು ಎಂಬ ಪ್ರಶ್ನೆ ಬೇರೆ. ಕೋರ್ಟು ತೀರ್ಮಾನಿಸುವುದು ಎರಡನೆಯದನ್ನು ಮಾತ್ರ. ತಾಯಿಯ ಸುಪರ್ದಿಗೆ ಹೋದ ಮಗುವಿನ ಮನೆತನದ ಹೆಸರಾಗಲಿ ಆಸ್ತಿಯ ಹಕ್ಕಾಗಲಿ ಅದರಿಂದ ಅಳಿಸಿಹೋಗುವುದಿಲ್ಲ. ಇಷ್ಟನ್ನು ಮೊದಲ ದಿನವೇ ಎರಡೂ ಕಡೆಯ ಹಿರಿಯರನ್ನು ಕೂರಿಸಿ ತಿಳಿಸಿದರೆ ಅರ್ಧ ಬಿಸಿ ಇಳಿಯುತ್ತದೆ.

ಹಿರಿಯರ ಪಂಚಾಯಿತಿಕೆ ಬೇಡ ಎಂದು ನಾನು ಹೇಳುವುದಿಲ್ಲ. ಒಡವೆ, ಹಣ, ಸಾಮಾನಿನ ವಿಷಯದಲ್ಲಿ ಅದು ಕೋರ್ಟಿಗಿಂತ ಬೇಗ ಮುಗಿಸುತ್ತದೆ. ಮಗುವಿನ ವಿಷಯದಲ್ಲಿ ಮಾತ್ರ ಬಾಯಿಮಾತಿನ ತೀರ್ಮಾನ ಸಾಲದು. ಅಲ್ಲಿ ಆದ ಒಪ್ಪಂದವನ್ನು ಬರೆಸಿ, ಕೋರ್ಟಿಗೆ ಹಾಕಿಸಿ, ಆದೇಶದ ರೂಪ ಕೊಡಿಸದಿದ್ದರೆ ಮುರಿದವರನ್ನು ಕೇಳುವವರೇ ಇರುವುದಿಲ್ಲ.

ಇನ್ನೊಂದು ಕಷ್ಟ, ಜಿಲ್ಲೆ ಚಿಕ್ಕದು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಇಲ್ಲಿ ಅರ್ಜಿಯಲ್ಲಿ ಬರೆದದ್ದು ಸಂಜೆಯೊಳಗೆ ಸಂತೆಗೆ ಮುಟ್ಟುತ್ತದೆ. ವಕೀಲರು ಒಂದು ಕಡೆಯ ನೆಂಟರು, ಶಾಲೆಯ ಟೀಚರ್ ಇನ್ನೊಂದು ಕಡೆಯವರು. ಅಪ್ಪನ ಕುಡಿತದ ಬಗ್ಗೆ, ಅಮ್ಮನ ನಡತೆಯ ಬಗ್ಗೆ ಕಾಗದದ ಮೇಲೆ ಬಿದ್ದ ಪ್ರತಿ ಮಾತೂ ಮಗುವಿನ ಕಿವಿಗೆ ಅದರ ಸಹಪಾಠಿಯ ಬಾಯಿಂದ ಬೀಳುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಂ ಪ್ರಕಾರ ಎರಡರಲ್ಲಿ ಒಬ್ಬರು ಕೇಳಿಕೊಂಡರೂ ವಿಚಾರಣೆಯನ್ನು ಮುಚ್ಚಿದ ಬಾಗಿಲಲ್ಲೇ ನಡೆಸಬೇಕು. ಹೀಗೆ ಕೇಳುವ ಹಕ್ಕು ತಮಗಿದೆ ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಕೊಡಗಿನಂಥ ಕಡೆ ಇದನ್ನು ಮೊದಲ ವಾಯಿದೆಯಲ್ಲೇ ಕೇಳಿಕೊಳ್ಳಬೇಕು.

ಹೊಡೆತಕ್ಕೆ ‘ಜಗಳ’ ಎಂಬ ಹೆಸರು ಬೇಡ

ಆದೇಶ ಬರೆಯುವ ಮಾತಿಗೆ ಹೋಗುವ ಮುನ್ನ ಒಂದು ಎಚ್ಚರಿಕೆ. ಇಬ್ಬರೂ ಸಮಬಲದಿಂದ ಕಿತ್ತಾಡುವುದು ಒಂದು ಪರಿಸ್ಥಿತಿ. ಒಬ್ಬರು ಹೊಡೆದು, ಹೆದರಿಸಿ, ಹಣ ತಡೆಹಿಡಿದು ಇನ್ನೊಬ್ಬರನ್ನು ಮುಷ್ಟಿಯಲ್ಲಿಟ್ಟುಕೊಂಡಿರುವುದು ಪೂರ್ತಿ ಬೇರೆ ಪರಿಸ್ಥಿತಿ. ಹೊರಗಿನಿಂದ ನೋಡುವವರಿಗೆ ಎರಡೂ ‘ಇಬ್ಬರಿಗೂ ಆಗಿಬರೋದಿಲ್ಲ’ ಎಂದೇ ಕಾಣುತ್ತದೆ. ಎರಡನೆಯದರಲ್ಲಿ ಸಂಧಾನದ ಮೇಜಿಗೆ ಇಬ್ಬರನ್ನೂ ಎದುರುಬದುರು ಕೂರಿಸುವುದು ತಪ್ಪು. ಹೆದರಿದವಳು ಅಲ್ಲಿ ಯಾವ ಷರತ್ತಿಗೂ ತಲೆಯಾಡಿಸುತ್ತಾಳೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯ 21ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟರೇ ಮಗುವಿನ ತಾತ್ಕಾಲಿಕ ಸುಪರ್ದಿ ಕೊಡಬಹುದು, ಭೇಟಿಯಿಂದ ಮಗುವಿಗೆ ಕೇಡಾಗುವಂತಿದ್ದರೆ ಭೇಟಿಯನ್ನು ನಿರಾಕರಿಸಲೂಬಹುದು. ಮೊದಲು ಈ ಪ್ರಶ್ನೆ ಇತ್ಯರ್ಥವಾಗಬೇಕು. ಉಳಿದದ್ದೆಲ್ಲ ಆಮೇಲೆ.

ಸಂದು ಮುಚ್ಚುವ ಆದೇಶ

ಹಿಂಸೆ ಇಲ್ಲ, ದ್ವೇಷ ಮಾತ್ರ ಇದೆ ಎಂದಿಟ್ಟುಕೊಳ್ಳೋಣ. ಬೇರೆ ದೇಶಗಳಲ್ಲಿ ಇಂಥ ತಂದೆತಾಯಿಗೆ ಸಮಾನಾಂತರ ಪೋಷಣೆ ಎಂಬ ದಾರಿ ಹೇಳುತ್ತಾರೆ. ರೈಲಿನ ಹಳಿಗಳ ಹಾಗೆ ಇಬ್ಬರೂ ಮಗುವಿನ ಜೊತೆಗಿದ್ದಾರೆ, ಆದರೆ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. (ರೈಲೇ ಇಲ್ಲದ ಜಿಲ್ಲೆಯಲ್ಲಿ ಕೂತು ಈ ಹೋಲಿಕೆ ಕೊಡುತ್ತಿದ್ದೇನೆ, ಇರಲಿ.) ಅವನ ಮನೆಯಲ್ಲಿ ಮಗು ಎಷ್ಟು ಹೊತ್ತಿಗೆ ಮಲಗಬೇಕು ಎಂದು ಅವಳು ಕೇಳುವುದಿಲ್ಲ. ಅವಳ ಮನೆಯಲ್ಲಿ ಯಾರು ಬಂದುಹೋಗುತ್ತಾರೆ ಎಂದು ಅವನು ಲೆಕ್ಕ ಇಡುವುದಿಲ್ಲ.

ಇದಕ್ಕೆ ಮೊದಲು ಬದಲಾಗಬೇಕಾದದ್ದು ಮಗುವನ್ನು ಒಪ್ಪಿಸುವ ಜಾಗ. ಗೇಟು ಬೇಡ, ಬಸ್ ಸ್ಟ್ಯಾಂಡ್ ಬೇಡ, ಪೊಲೀಸ್ ಠಾಣೆಯಂತೂ ಬೇಡವೇ ಬೇಡ. ಠಾಣೆಯಲ್ಲಿ ಅಪ್ಪನನ್ನು ಭೇಟಿಯಾಗುವ ಮಗು ಅಪ್ಪನನ್ನು ಅಪರಾಧಿ ಎಂದೇ ಎಣಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯ ಜಾಗ ಶಾಲೆ. ಶುಕ್ರವಾರ ಬೆಳಿಗ್ಗೆ ಅಮ್ಮ ಬಿಟ್ಟುಹೋಗುತ್ತಾಳೆ, ಸಂಜೆ ಅಪ್ಪ ಕರೆದೊಯ್ಯುತ್ತಾನೆ, ಸೋಮವಾರ ಬೆಳಿಗ್ಗೆ ಅವನೇ ಶಾಲೆಗೆ ಬಿಡುತ್ತಾನೆ. ಇಬ್ಬರೂ ಮುಖ ನೋಡುವ ಸಂದರ್ಭವೇ ಬರುವುದಿಲ್ಲ. ರಜೆಯ ದಿನಗಳಿಗೆ ಎರಡೂ ಕಡೆಯವರು ಒಪ್ಪುವ ಒಬ್ಬ ಮೂರನೆಯ ವ್ಯಕ್ತಿ ಬೇಕು. ಅರುವರ ಹಳೆಯ ಕೆಲಸಕ್ಕೆ ಇಲ್ಲಿ ಹೊಸ ಜೀವ ಬರಬಹುದು ಎಂದು ನನಗನ್ನಿಸುತ್ತದೆ. ತೀರ್ಪು ಕೊಡಲು ಅವರು ಬೇಡ, ಮಗುವಿನ ಕೈ ಹಿಡಿದು ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಮುಟ್ಟಿಸಿದರೆ ಸಾಕು.

ಆಮೇಲೆ ದೂರ. ಮಡಿಕೇರಿಯಿಂದ ಬೆಂಗಳೂರಿಗೆ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ತಾಯಿ ಮಗುವಿನೊಡನೆ ಬೆಂಗಳೂರಲ್ಲಿ, ತಂದೆ ಇಲ್ಲಿ ತೋಟದಲ್ಲಿ ಇದ್ದಾನೆ ಎನ್ನಿ. ಶನಿವಾರ ಹತ್ತು ಗಂಟೆಗೆ ಅಲ್ಲಿರಲು ಅವನು ನಸುಕಿನ ಮೊದಲೇ ಹೊರಡಬೇಕು. ಹೋಗಿ ಮಗುವಿನ ಜೊತೆ ಕೂರುವುದೆಲ್ಲಿ? ಮಾಲ್‌ನಲ್ಲೋ ಹೋಟೆಲಿನಲ್ಲೋ. ಇಂಥವರಿಗೆ ತಿಂಗಳಿಗೆರಡು ಹಗಲಿಗಿಂತ ದಸರಾ ರಜೆಯ ಒಂದು ವಾರ, ಬೇಸಿಗೆಯ ಮೂರ್ನಾಲ್ಕು ವಾರ ಸಾವಿರ ಪಾಲು ಮೇಲು. ಮಗುವಿಗೆ ತೋಟ, ನಾಯಿ, ಅಜ್ಜಿ, ತೋಡು ಎಲ್ಲ ಸಿಗುತ್ತದೆ. ಸೇನೆಯಲ್ಲಿರುವ ತಂದೆಯರ ಸಂಖ್ಯೆ ಇಲ್ಲಿ ಕಡಿಮೆಯೇನಲ್ಲ. ಗಡಿಯಲ್ಲಿರುವವನಿಗೆ ‘ಎರಡನೇ ಶನಿವಾರ’ ಎಂದು ಬರೆದುಕೊಟ್ಟರೆ ಏನು ಪ್ರಯೋಜನ? ಅವನ ವಾರ್ಷಿಕ ರಜೆ ಮಂಜೂರಾದ ಪತ್ರ ತೋರಿಸಿದ ಇಷ್ಟು ದಿನಗಳೊಳಗೆ ಭೇಟಿ ಎಂದು ಬರೆಯಬೇಕು.

ಮಳೆಯನ್ನೂ ಆದೇಶದಲ್ಲಿ ಬರೆಯಬೇಕು. ನಗುವ ವಿಷಯವಲ್ಲ ಇದು. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಗೊತ್ತು, ರಸ್ತೆಯೇ ಇಲ್ಲದಾಗುವುದು ಎಂದರೇನು ಎಂದು. ಸಾಧಾರಣ ಮಳೆಗಾಲದಲ್ಲೂ ಮರ ಬಿದ್ದು ದಾರಿ ಮುಚ್ಚುತ್ತದೆ, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ದಿನಗಟ್ಟಲೆ ಕರೆಂಟೂ ನೆಟ್‌ವರ್ಕೂ ಇರುವುದಿಲ್ಲ. ಆದೇಶದಲ್ಲಿ ಮಳೆಯ ಮಾತಿಲ್ಲದಿದ್ದರೆ ತಪ್ಪಿದ ಪ್ರತಿ ಭೇಟಿಯೂ ‘ಬೇಕಂತಲೇ ಕಳಿಸಲಿಲ್ಲ’ ಎಂಬ ಅರ್ಜಿಯಾಗುತ್ತದೆ. ಶಾಲೆಗೆ ಮಳೆ ರಜೆ ಘೋಷಣೆಯಾದ ದಿನ ಭೇಟಿ ಇಲ್ಲ, ಅದರ ಬದಲು ಮುಂದಿನ ವಾರದ ಅದೇ ದಿನ ಎಂದು ಒಂದು ಸಾಲು ಇದ್ದರೆ ಸಾಕು. 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಭೇಟಿಯ ಜೊತೆಗೆ ಸಂಪರ್ಕದ ಹಕ್ಕನ್ನೂ ಎತ್ತಿಹೇಳಿ, ದಿನಕ್ಕೆ ಐದು ಹತ್ತು ನಿಮಿಷವಾದರೂ ಫೋನ್ ಅಥವಾ ವಿಡಿಯೊ ಕರೆ ಇರಲಿ ಎಂದಿತು. ಬಹಳ ಒಳ್ಳೆಯದು. ನಮ್ಮಲ್ಲಿ ಜುಲೈಯಲ್ಲಿ ಅದಕ್ಕೂ ಒಂದು ಬದಲಿ ಹೊತ್ತು ಬರೆದಿಡಬೇಕು.

ಇನ್ನು ಹಬ್ಬ. ‘ಹಬ್ಬದ ದಿನಗಳಲ್ಲಿ’ ಎಂದು ಬರೆಯುವ ಬದಲು ಹೀಗೆ ಬರೆಯಬಹುದು: ‘ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಗದಿಯಾಗುವ ಪುತ್ತರಿಯ ದಿನ ಮಧ್ಯಾಹ್ನ 3ರಿಂದ ಮರುದಿನ ಬೆಳಿಗ್ಗೆ 10ರವರೆಗೆ, ಸಮಸಂಖ್ಯೆಯ ವರ್ಷಗಳಲ್ಲಿ ತಂದೆಯ ಬಳಿ, ಬೆಸಸಂಖ್ಯೆಯ ವರ್ಷಗಳಲ್ಲಿ ತಾಯಿಯ ಬಳಿ.’ ಎರಡು ಸಾಲು, ಅಷ್ಟೇ. ರಂಜಾನ್, ಕ್ರಿಸ್ಮಸ್, ಓಣಂ, ಆಯಾ ಮನೆಯ ಯಾವ ಹಬ್ಬಕ್ಕೂ ಇದೇ ಅಚ್ಚು ಹೊಂದುತ್ತದೆ. ಮೌಖಿಕವಾಗಿ ಬಿಟ್ಟ ಹಬ್ಬವೇ ಮುಂದಿನ ಕೇಸು.

ತಂದೆತಾಯಿಯ ನಡುವಿನ ಮಾತಿಗೂ ಒಂದು ಕಟ್ಟು ಬೇಕು. ಫೋನ್ ಕರೆ ಬೇಡ, ಬರಹದಲ್ಲಿ ಮಾತ್ರ, ಮಗುವಿನ ವಿಷಯ ಮಾತ್ರ. ‘ನಿನ್ನ ಅಮ್ಮನ ಮಾತು ಕೇಳಿ ಮಳೆಯಲ್ಲಿ ನೆನೆಸಿದ್ದೀಯ, ಈಗ ಜ್ವರ ಬಂದಿದೆ, ನಿನಗೆ ಮಗು ಸಾಕುವ ಯೋಗ್ಯತೆ ಇದೆಯಾ’ ಎಂದು ಒಬ್ಬರು ಬರೆದರೆ ಹತ್ತು ಉತ್ತರ ಬರುತ್ತದೆ. ‘ಭಾನುವಾರ ರಾತ್ರಿ 101 ಜ್ವರ. ಡಾಕ್ಟರಿಗೆ ತೋರಿಸಿ ಆರು ಗಂಟೆಗೆ ಔಷಧಿ ಕೊಟ್ಟಿದ್ದೇನೆ. ನಾಳೆ ಶಾಲೆಗೆ ಕಳಿಸುವುದಿಲ್ಲ’ ಎಂದರೆ ಉತ್ತರಿಸುವ ಅಗತ್ಯವೇ ಇಲ್ಲ. ಈ ಎರಡನೇ ಬಗೆಯ ಬರವಣಿಗೆಯನ್ನು ಕಲಿಸಬಹುದು, ಒಳ್ಳೆಯ ವಕೀಲರು ಕಲಿಸುತ್ತಾರೆ. ಮಗುವಿನ ಫೋಟೊವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಕೆಳಗೆ ಚುಚ್ಚುಮಾತು ಬರೆಯುವ ಚಾಳಿಯನ್ನು ಆದೇಶದಲ್ಲೇ ನಿಷೇಧಿಸಬೇಕು.

ಇಷ್ಟೆಲ್ಲ ಬರೆದ ಮೇಲೂ ಸಣ್ಣ ತಕರಾರು ಏಳುತ್ತವೆ. ಅಮೆರಿಕ, ಕೆನಡಾಗಳ ಹಲವು ಕಡೆ ಅವನ್ನು ಬಗೆಹರಿಸಲು ಪೋಷಣಾ ಸಂಯೋಜಕರನ್ನು ಕೋರ್ಟೇ ನೇಮಿಸುತ್ತದೆ. ನಮ್ಮ ಕಾನೂನಿನಲ್ಲಿ ಆ ಹೆಸರಿನ ಹುದ್ದೆ ಇಲ್ಲ. ಆದರೆ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ವೈದ್ಯರ, ಕುಟುಂಬ ಕಲ್ಯಾಣದಲ್ಲಿ ತೊಡಗಿರುವವರ ನೆರವನ್ನು ಪಡೆಯಲು ಕೋರ್ಟಿಗೆ ಅವಕಾಶ ಕೊಟ್ಟಿದೆ. ನಿವೃತ್ತ ಶಿಕ್ಷಕಿಯರು, ಮಕ್ಕಳ ವೈದ್ಯರು, ಎರಡೂ ಕಡೆಗೆ ನೆಂಟಸ್ತಿಕೆ ಇಲ್ಲದ ಹತ್ತು ಜನರ ಒಂದು ಪಟ್ಟಿ ಮಡಿಕೇರಿಯಲ್ಲಿ ಸಿದ್ಧವಿದ್ದರೆ, ಸ್ವೆಟರ್‌ನ ಜಗಳ ನ್ಯಾಯಾಧೀಶರ ಮೇಜಿಗೆ ಹೋಗಬೇಕಾಗಿಲ್ಲ.

‘ತಲೆ ಕೆಡಿಸಿದ್ದಾರೆ’

ಮಗು ಒಬ್ಬರ ಬಳಿ ಹೋಗಲು ಒಪ್ಪದಿದ್ದಾಗ ಇನ್ನೊಬ್ಬರ ಮೇಲೆ ಬರುವ ಮೊದಲ ಆರೋಪ ಇದು. 1985ರಲ್ಲಿ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ ಇದಕ್ಕೆ ‘ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್’ ಎಂದು ಒಂದು ಕಾಯಿಲೆಯ ಹೆಸರನ್ನೇ ಕೊಟ್ಟರು. ಮನೋವೈದ್ಯರ ಪ್ರಮಾಣಗ್ರಂಥಗಳು ಅದನ್ನು ಕಾಯಿಲೆ ಎಂದು ಒಪ್ಪಲಿಲ್ಲ. 2017ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಪದವನ್ನು ಬಳಸಿದ್ದೂ ಉಂಟು. 2024ರ ಮೇ ತಿಂಗಳಲ್ಲಿ, ಸೇನಾಧಿಕಾರಿಯೊಬ್ಬರ ಮಕ್ಕಳ ಪ್ರಕರಣದಲ್ಲಿ ಅದೇ ಕೋರ್ಟ್ ಹೆಚ್ಚು ಎಚ್ಚರದ ಮಾತಾಡಿತು. ಅವಸರದಲ್ಲಿ ಹಣೆಪಟ್ಟಿ ಹಚ್ಚಬೇಡಿ, ಮಗುವಿನ ಮನಸ್ಸು ಕೆಡಿಸುವ ನಡವಳಿಕೆ ನಿಜವಾಗಿ ಯಾವಾಗ, ಹೇಗೆ ನಡೆಯಿತು ಎಂಬ ನಿದರ್ಶನಗಳನ್ನು ನೋಡಿ ಎಂದಿತು.

ಇದು ಸರಿಯಾದ ದಾರಿ. ಮಗು ಹೋಗಲೊಲ್ಲೆ ಎನ್ನಲು ಹತ್ತು ಕಾರಣ ಇರಬಹುದು. ಅಲ್ಲಿ ಹೊಡೆತ ಬಿದ್ದಿರಬಹುದು. ಅಲ್ಲಿ ಆಡಲು ಜೊತೆ ಇಲ್ಲದಿರಬಹುದು. ಹೋಗಿ ಬಂದ ರಾತ್ರಿಯೆಲ್ಲ ‘ಅಲ್ಲಿ ಏನು ಹೇಳಿದ್ರು’ ಎಂಬ ವಿಚಾರಣೆ ಎದುರಿಸಿ ಸಾಕಾಗಿರಬಹುದು. ಆ ಕೊನೆಯದು ಮಕ್ಕಳನ್ನು ಎಷ್ಟು ಹಣ್ಣು ಮಾಡುತ್ತದೆ ಎಂಬುದು ಪ್ರಶ್ನೆ ಕೇಳುವವರಿಗೆ ತಿಳಿಯುವುದೇ ಇಲ್ಲ. ಕೆಲವೊಮ್ಮೆ ನಿಜವಾಗಿಯೂ ತಲೆಗೆ ತುಂಬಿರುತ್ತಾರೆ. ಎಂಟು ವರ್ಷದ ಮಗು ‘ಜೀವನಾಂಶ’, ‘ಕ್ರೌರ್ಯ’ ಎಂಬ ಮಾತುಗಳನ್ನಾಡಿದರೆ ಅದು ಆಟದ ಮೈದಾನದಲ್ಲಿ ಕಲಿತದ್ದಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. 1890ರ ಕಾಯ್ದೆಯ 17ನೇ ಕಲಂ, ತಿಳಿವಳಿಕೆಯ ವಯಸ್ಸಿನ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಎನ್ನುತ್ತದೆ. ಪರಿಗಣಿಸುವುದೆಂದರೆ ತೀರ್ಪಿನ ಹೊರೆಯನ್ನೇ ಅದರ ತಲೆಗೆ ಹೊರಿಸುವುದಲ್ಲ. ಚೇಂಬರಿಗೆ ಕರೆದು ‘ಯಾರ ಜೊತೆ ಇರ್ತೀಯಾ’ ಎಂದು ಕೇಳುವುದಕ್ಕಿಂತ, ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ, ಬುತ್ತಿಗೆ ಏನಿರುತ್ತದೆ, ಹೆದರಿಕೆಯಾದರೆ ಯಾರ ಹತ್ತಿರ ಹೋಗ್ತೀಯಾ ಎಂದು ಕೇಳಿದ ನ್ಯಾಯಾಧೀಶರಿಗೆ ಹೆಚ್ಚು ತಿಳಿಯುತ್ತದೆ.

ಕಾಫಿಯ ಹಣ, ತಿಂಗಳ ಖರ್ಚು

‘ದುಡ್ಡು ಕೊಡದಿದ್ದರೆ ಮಗು ತೋರಿಸೋದಿಲ್ಲ’, ‘ಮಗು ತೋರಿಸದಿದ್ದರೆ ದುಡ್ಡು ಕೊಡೋದಿಲ್ಲ’. ಈ ಎರಡು ವಾಕ್ಯಗಳ ಮೇಲೆ ವರ್ಷಗಟ್ಟಲೆ ಕೇಸು ನಡೆಯುತ್ತದೆ. ಜೀವನಾಂಶವೂ ಭೇಟಿಯೂ ಬೇರೆ ಬೇರೆ, ಎರಡೂ ಮಗುವಿನ ಹಕ್ಕು. ಒಂದನ್ನು ಇನ್ನೊಂದಕ್ಕೆ ಅಡವಿಡಲು ತಂದೆಗೂ ಅಧಿಕಾರವಿಲ್ಲ, ತಾಯಿಗೂ ಇಲ್ಲ. ಕೊಡಗಿನಲ್ಲಿ ತೊಡಕು ಹೆಚ್ಚುವುದು ಆದಾಯದ ಸ್ವರೂಪದಿಂದ. ಅರೇಬಿಕಾ ಕೊಯ್ಲು ವರ್ಷದ ಕೊನೆಗೆ, ರೋಬಸ್ಟಾ ಜನವರಿಯ ನಂತರ. ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ, ಮಗುವಿನ ಖರ್ಚು ಪ್ರತಿ ತಿಂಗಳು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್‌ನಲ್ಲಿ ನಿಜ ಚಿತ್ರ ಸಿಗುವುದು ಕಷ್ಟ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರೂ ಕೂಡಿಕೊಂಡಿದ್ದರೆ ಇವನ ಪಾಲೆಷ್ಟು ಎಂಬುದೇ ಇನ್ನೊಂದು ವಾದ. 2020ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಹಾಕುವುದನ್ನು ಕಡ್ಡಾಯ ಮಾಡಿದೆ. ಅದರ ಆಧಾರದ ಮೇಲೆ, ಕೊಯ್ಲಿನ ಹಣ ಬಂದಾಗಲೇ ವರ್ಷದ ಶಾಲಾ ಶುಲ್ಕ ಮತ್ತು ಇಂತಿಷ್ಟು ತಿಂಗಳ ಮೊತ್ತವನ್ನು ಮಗುವಿನ ಹೆಸರಿನ ಖಾತೆಗೆ ಒಟ್ಟಿಗೆ ಹಾಕುವಂತೆ ಬರೆಸಿಕೊಂಡರೆ ತಿಂಗಳಿಗೊಂದು ಜಗಳ ತಪ್ಪುತ್ತದೆ.

ತೋಟದ ಲೈನ್ ಮನೆಗಳ ಕಾರ್ಮಿಕರ, ಆದಿವಾಸಿ ಹಾಡಿಗಳ ಮಕ್ಕಳ ವಿಷಯದಲ್ಲಿ ಇಂಥ ಕೇಸುಗಳೇ ಹುಟ್ಟುವುದು ಅಪರೂಪ. ಅಪ್ಪ ಒಂದು ತೋಟ, ಅಮ್ಮ ಇನ್ನೊಂದು ತೋಟ ಸೇರಿ, ಮಗು ಅಜ್ಜಿಯ ಪಾಲಿಗೆ ಬರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಟ್ಟರಾಯಿತು.

ಮಗು ಬೆಳೆಯುತ್ತದೆ

ಅರ್ಜಿ ಎಲ್ಲಿ ಹಾಕಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. 1890ರ ಕಾಯ್ದೆಯ 9ನೇ ಕಲಂ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಕೋರ್ಟಿನಲ್ಲಿ. ಇದನ್ನು ತಪ್ಪಾಗಿ ತಿಳಿದು ರಾತ್ರೋರಾತ್ರಿ ಮಗುವನ್ನು ಬೇರೆ ಊರಿಗೆ ಒಯ್ದು, ಮರುವಾರವೇ ಅಲ್ಲಿ ಅರ್ಜಿ ಹಾಕುವವರಿದ್ದಾರೆ. ಒಂದು ವಾರದ ತಂಗುವಿಕೆ ವಾಸವಾಗುವುದಿಲ್ಲ. ಅಲ್ಲಿಂದ ಶುರುವಾದ ಅಪನಂಬಿಕೆ ಮಾತ್ರ ಕೇಸು ಮುಗಿಯುವವರೆಗೂ ಹೋಗುವುದಿಲ್ಲ.

ಮಧ್ಯಂತರ ಆದೇಶವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೇಸು ಎಳೆದಷ್ಟೂ ಮಗು ಇದ್ದಲ್ಲೇ ಬೇರು ಬಿಡುತ್ತದೆ, ಆಮೇಲೆ ಕೀಳಲು ಕೋರ್ಟೂ ಹಿಂಜರಿಯುತ್ತದೆ. ಹಾಗೆಂದು ಸುಪರ್ದಿಯ ವಿಷಯದಲ್ಲಿ ಯಾವ ಆದೇಶವೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪರಿಸ್ಥಿತಿ ಬದಲಾದರೆ ಬದಲಿಸಿ ಎಂದು ಕೇಳಬಹುದು. ಐದು ವರ್ಷದ ಮಗುವಿಗೆ ಬರೆದ ವೇಳಾಪಟ್ಟಿ ಹನ್ನೆರಡರ ಹುಡುಗಿಗೆ ಬಿಗಿಯಾಗುತ್ತದೆ. ಅವಳಿಗೆ ಗೆಳತಿಯರಿರುತ್ತಾರೆ, ಟ್ಯೂಷನ್ ಇರುತ್ತದೆ, ಶನಿವಾರ ಪ್ರಾಕ್ಟೀಸ್ ಇರುತ್ತದೆ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಪ್ಪನ ಒಕ್ಕದ ತಂಡಕ್ಕೆ ಆಡಬೇಕೆಂದು ಅವಳಿಗೇ ಆಸೆಯಾದೀತು, ಆದರೆ ಪಂದ್ಯ ಬೀಳುವುದು ಅಮ್ಮನ ಪಾಲಿನ ಬೇಸಿಗೆ ವಾರಗಳಲ್ಲಿ. ಇಬ್ಬರೂ ಮಾತಾಡುವವರಾಗಿದ್ದರೆ ವಾರ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಮಾತಾಡದವರಿಗೆ ಇರುವುದು ಅರ್ಜಿಯೊಂದೇ, ಅದನ್ನು ಮಾರ್ಚ್ ಒಳಗೆ ಹಾಕಿಬಿಡಬೇಕು. ಪಂದ್ಯದ ಪಟ್ಟಿ ಬರಲಿ ಎಂದು ಕಾದರೆ ಅಷ್ಟರಲ್ಲಿ ಕೋರ್ಟಿನ ಬೇಸಿಗೆ ರಜೆ ಶುರುವಾಗಿರುತ್ತದೆ.